ವೀರಗಲ್ಲಿನ ಪಕ್ಕದ ಜಾಗ

ಫುಟ್‌ಪಾತಿನಲ್ಲಿ ಹುದುಗಿದ್ದ ಹಳೆಯ ವೀರಗಲ್ಲಿನ ಪಕ್ಕ ಕೂತು ಹೊನ್ನೂರಪ್ಪ ಚಪ್ಪಲಿ ಹೊಲಿಯುತ್ತಿದ್ದ. ಅವನ ಅಪ್ಪನೂ ಆ ಕಲ್ಲಿನ ಮೇಲೇ ತೊಗಲು ಬಡಿದವನು. ಒಂದು ದಿನ ಟೈಲ್ಸ್ ಹಾಕುವ ಮೇಸ್ತ್ರಿ ಬಂದ.

"ನಾಳೆ ಈ ಕಲ್ಲು ಒಡೀತೀವಿ. ನೀನೂ ಗಂಟು ಕಟ್ಟು."

"ಈ ವಯಸ್ಸಲ್ಲಿ ಎಲ್ಲಿಗ್ ಹೋಗ್ಲಿ ಸ್ವಾಮಿ?"

ಮೇಸ್ತ್ರಿ ಕಲ್ಲಿನ ಮೇಲೆ ಸುಣ್ಣದ ಗುರುತು ಹಾಕಿ ಹೋದ. ಪಕ್ಕದಲ್ಲಿ ಹೂವು ಮಾರುತ್ತಿದ್ದ ಗಂಗಮ್ಮ ಒಂದು ಮೊಳ ಹೂವು ಕತ್ತರಿಸಿ ಕೊಟ್ಟಳು.

"ಅಳ್ತಾ ಕೂರ್ಬೇಡ ಕಣಣ್ಣ. ಅರಿಶಿನ ಕುಂಕುಮ ಹಚ್ಚಿ ಇದನ್ನ ಏರ್ಸು. ಒಡೆಯೋಕೆ ಯಾವನಿಗಿದೆ ಧೈರ್ಯ? ಕಲ್ಲು ಉಳಿದ್ರೆ ನಿನ್ ಜಾಗಾನೂ ಉಳೀತದೆ."

ಮರುದಿನ ಮೇಸ್ತ್ರಿ ಕಲ್ಲನ್ನು ನೋಡಿ ಹಾರೆ ಕೆಳಗಿಟ್ಟ. ಚಪ್ಪಲಿ ಬಿಟ್ಟು ಕೈಮುಗಿದ. ಹೊನ್ನೂರಪ್ಪ ನೆಮ್ಮದಿಯಿಂದ ಉಳಿ, ದಾರ ಹರವಿಕೊಂಡ.

"ಕಲ್ಲು ಮುಟ್ಟಲ್ಲ ಬಿಡಜ್ಜ," ಎಂದ ಮೇಸ್ತ್ರಿ. "ನೀನು ಮಾತ್ರ ಎದ್ದೇಳು. ದೇವರ ಪಕ್ಕ ಚಪ್ಪಲಿ ಹೊಲೀಬಾರ್ದು."