ಒಂಬತ್ತು ಹಗ್ಗಗಳ ಜಡೆ

ಟಾಟರಾಕ್‌ನ ಮುಂದೆ ಬಹು ಗಂಭೀರವಾದ ಪ್ರಶ್ನೆಯೊಂದಿತ್ತು: ಕೈಗವಸು ಬಿಚ್ಚಬೇಕೋ ಬೇಡವೋ. ಗ್ರೀನ್‌ಲ್ಯಾಂಡಿನ ಹಿಮಗಾಡಿಗೆ ಒಂದೊಂದು ನಾಯಿಯನ್ನೂ ಬೇರೆ ಹಗ್ಗದಿಂದ ಕಟ್ಟಿರುತ್ತಾರೆ. ಅವು ಬೀಸಣಿಗೆಯಂತೆ ಹರಡಿಕೊಂಡು ಎಳೆಯಬೇಕು. ಆದರೆ ಬೆಳಗಿನಿಂದ ಅತ್ತಿತ್ತ ನುಗ್ಗಿ ನುಗ್ಗಿ ಒಂಬತ್ತೂ ಹಗ್ಗಗಳು ಹೆಣೆದುಕೊಂಡು ದಪ್ಪ ಜಡೆಯಾಗಿದ್ದವು. ನಾಯಿಗಳು ಮೈಗೆ ಮೈ ಒತ್ತಿಕೊಂಡು ನಿಂತಿದ್ದವು. ಜಡೆ ಬಿಡಿಸಲು ಬರಿಗೈಯೇ ಬೇಕು. ಎದುರಿಗೆ, ಕಡಲಿನ ಮೇಲೆ ನಿನ್ನೆಯಷ್ಟೇ ಹೆಪ್ಪುಗಟ್ಟಿದ ತೆಳು ಮಂಜುಗಡ್ಡೆ ಕಪ್ಪಗೆ ಮಿನುಗುತ್ತಿತ್ತು.

“ಬಿಡಿಸೋ ಅಳಿಯ. ಹಿಂಗೆ ಗುಂಪಾಗಿ ಹೋದ್ರೆ ಈ ಮಂಜು ಭಾರ ತಡೆಯಲ್ಲ,” ಎಂದ ಮಾವ ಇಮಿನಾ.

“ದಾಟಿದ ಮೇಲೆ ಬಿಡಿಸ್ತೀನಿ ಮಾವ. ಈ ಚಳಿಗೆ ಬೆರಳು ಉದುರಿಹೋದ್ರೆ ನಿಮ್ಮ ಮಗಳು ಬೈತಾಳೆ.”

“ಬೆರಳಿದ್ರೂ ಬೈತಾಳೆ. ನಾನಂತೂ ನಡ್ಕೊಂಡೇ ಬರ್ತೀನಪ್ಪ,” ಎಂದು ಮುದುಕ ಗಾಡಿಯಿಂದ ಇಳಿದ.

ಟಾಟರಾಕ್ ನಗುತ್ತ ಚಾಟಿ ಬೀಸಿದ. ಹತ್ತಾರು ಮಾರು ಹೋಗುವಷ್ಟರಲ್ಲಿ ನಾಯಿಗಳ ಕಾಲಡಿಯ ಮಂಜು ಎಳೆದು ಕಟ್ಟಿದ ಚರ್ಮದಂತೆ ಬಾಗಿತು. ಸದ್ದೇ ಇಲ್ಲದೆ ಅಷ್ಟೂ ನಾಯಿಗಳು ಒಂದೇ ತೂತಿನೊಳಗೆ ಜಾರಿದವು. ಗಾಡಿ ಅವನನ್ನು ಹೊತ್ತು ಅವುಗಳ ಹಿಂದೆಯೇ ಸರಿಯತೊಡಗಿತು. ಇಮಿನಾ ಹೊಟ್ಟೆಯ ಮೇಲೆ ತೆವಳಿ ಬಂದು ಚಾಕು ತೆಗೆದ.

ಹಗ್ಗಗಳೆಲ್ಲ ಒಂದಾಗಿದ್ದುದರಿಂದ ಕತ್ತರಿಸಲು ಒಂದೇ ಏಟು ಸಾಕಾಯಿತು.