ಗೋಧಿ ಇಲ್ಲದ ಡಿಪ್

ಗೋಧಿ ಒಂದು ಕಣವೂ ಕೂಡದೆಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು. ಮನೆಯಲ್ಲಿ ಚಪಾತಿ ನಿಂತಿತ್ತು, ಮಗಳ ವಾಂತಿ ನಿಂತಿರಲಿಲ್ಲ. ಅವಳೀಗ ಕೇಳುತ್ತಿದ್ದುದು ಸೌತೆಕಾಯಿ ಹೋಳು, ಅದ್ದಿಕೊಳ್ಳಲು ಅಂಗಡಿಯ ಡಿಪ್.

ತಾಯಿ ಒಂದೊಂದೇ ಬಾಟಲಿ ತಿರುಗಿಸಿ ಓದಿದಳು.

“ಪರೀಕ್ಷೆಗೆ ಓದ್ತಿದೀರಾ ಮೇಡಂ?” ಅಂಗಡಿಯವನು ನಕ್ಕ.

“ಗೋಧಿ ಇಲ್ಲದ್ದು ಕೊಡಪ್ಪಾ, ಕೈ ಮುಗೀತೀನಿ. ಮಗು ಕಡ್ಡಿಯಾಗಿದೆ.”

ಕೊನೆಗೂ ಒಂದು ಸಿಕ್ಕಿತು.

ಮನೆಗೆ ತಂದು, ಅವಳು ಸೀರೆ ಬದಲಿಸಿ ಬರುವಷ್ಟರಲ್ಲಿ ಮಗಳು ಬಟ್ಟಲು ನೆಕ್ಕುತ್ತಿದ್ದಳು.

“ನಿನ್ನ ಬಾಟ್ಲಿ ಚಟ್ನಿ ಬರೀ ಸಪ್ಪೆ ಕಣೇ,” ಎಂದರು ಅತ್ತೆ. “ದಿನಾ ಸಾರಿಗೆ ಹಾಕ್ತೀನಲ್ಲ, ಹಾಗೇ ಇಂಗಿನ ಒಗ್ಗರಣೆ ಕೊಟ್ಟೆ. ನೋಡು, ಹೇಗೆ ತಿಂತಿದೆ!”

ಅವಳು ಇಂಗಿನ ಡಬ್ಬಿ ತಿರುಗಿಸಿ ಓದಿದಳು: ಗೋಂದು, ಇಂಗು, ಗೋಧಿ ಹಿಟ್ಟು.