ಇಂಚಿನ ಡಬ್ಬಿ, ಮಿಲಿಮೀಟರ್ ಡಬ್ಬಿ

ಬೆಳಿಗ್ಗೆ ಏಳೂವರೆಗೆ ಸೆಡ್ರಿಕ್ ಥ್ವೇಟ್ ತನ್ನದೇ ಅಂಗಡಿಯಲ್ಲಿ ಪರದೆಯ ಹಿಂದೆ ಅಡಗಿ ನಿಂತಿದ್ದ. ಅರವತ್ತೊಂಬತ್ತರ ಮೊಣಕಾಲು ದೂರುತ್ತಿತ್ತು. ಆದರೂ ಅಂಗಡಿಯ ಸಹಾಯಕಿ ಮಾವಿಸ್‌ಳನ್ನು ಇವತ್ತು ಹಿಡಿಯಲೇಬೇಕಿತ್ತು.

ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಅಂಗೈ ಮೇಲೆ ಕೂರುವಂಥ ಉಗಿಯಂತ್ರಗಳನ್ನು ರಿಪೇರಿ ಮಾಡುವವನು ಅವನೊಬ್ಬನೇ. ಹಳೆಯ ಯಂತ್ರಗಳಿಗೆ ಇಂಚಿನ ಲೆಕ್ಕದಲ್ಲಿ ಸುರುಳಿ ಕೊರೆದ ಸ್ಕ್ರೂ, ಹೊಸವಕ್ಕೆ ಮಿಲಿಮೀಟರಿನ ಲೆಕ್ಕದ್ದು. ಸಾಸಿವೆ ಗಾತ್ರದ ತಲೆ, ನೋಡಲು ಎರಡೂ ಒಂದೇ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ತೂತಿನೊಳಗಿನ ಸುರುಳಿ ಸವೆದು ಯಂತ್ರವೇ ಕೆಡುತ್ತದೆ. ಸೆಡ್ರಿಕ್‌ಗೆ ಗೇಜು ಬೇಡ, ಭೂತಗನ್ನಡಿ ಬೇಡ. ಸುರುಳಿಯನ್ನು ಹೆಬ್ಬೆರಳ ಉಗುರಿನಿಂದ ಒಮ್ಮೆ ಗೀರಿದರೆ ಯಾವುದೆಂದು ಹೇಳಿಬಿಡುತ್ತಿದ್ದ. ಊರಲ್ಲಿ ಅದು ಹೆಸರಾದ ವಿದ್ಯೆ.

ಹೋದ ವಾರ ಕುರಿ ಸಾಕುವ ಲ್ಯಾಂಬರ್ಟ್ ತನ್ನ ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದ್ದ. ಗುರುವಾರ ಸೆಡ್ರಿಕ್ ಜೋಡಿಸಿಕೊಟ್ಟ ಮುಚ್ಚಳ ಶನಿವಾರದ ಊರ ಪ್ರದರ್ಶನದಲ್ಲಿ ಎಲ್ಲರೆದುರು ಹಾರಿಹೋಗಿತ್ತು. ಇಂಚಿನ ತೂತಿನಲ್ಲಿ ಮಿಲಿಮೀಟರಿನ ಸ್ಕ್ರೂ. ಇನ್ನೊಮ್ಮೆ ಹೀಗಾದರೆ ಅಂಗಡಿಗೆ ಬೀಗವೇ.

ಗುರುವಾರ ಮಾವಿಸ್ ರಜೆ ಹಾಕಿ ವಿಟ್ಬಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಹೋಗುವ ಮೊದಲೇ ಎರಡೂ ಡಬ್ಬಿಯ ಸ್ಕ್ರೂಗಳನ್ನು ಬೇಕೆಂದೇ ಬೆರೆಸಿಟ್ಟಿದ್ದಾಳೆ ಎಂದು ಸೆಡ್ರಿಕ್ ಲೆಕ್ಕ ಹಾಕಿದ. ಪಕ್ಕದ ಪೇಟೆಯ ಅಂಗಡಿಯವನು ಅವಳನ್ನು ಕೆಲಸಕ್ಕೆ ಕರೆಯುತ್ತಿದ್ದುದು ಅವನಿಗೆ ಗೊತ್ತಿತ್ತು. ಏಪ್ರಿಲ್‌ನಿಂದ ಅವಳು ಅರ್ಧ ಗಂಟೆ ಮುಂಚೆ ಬಂದು ಬಾಗಿಲು ತೆಗೆಯುವುದೂ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ದುಡಿದವಳು!

ಅದಕ್ಕೇ ನಿನ್ನೆ ಸಂಜೆ ಅವನೊಬ್ಬನೇ ಕೂತು, ಒಂದೊಂದನ್ನೂ ಉಗುರಿನಿಂದ ಗೀರಿ, ಎರಡೂ ಡಬ್ಬಿ ಹೊಸದಾಗಿ ತುಂಬಿ ದಾರ ಕಟ್ಟಿಟ್ಟಿದ್ದ.

ಮಾವಿಸ್ ಬಂದಳು. ಕೋಟನ್ನು ಗೂಟಕ್ಕೆ ಸಿಕ್ಕಿಸಿದಳು. ದಾರ ಬಿಚ್ಚಿದಳು. ಇಂಚಿನ ಡಬ್ಬಿಯ ಸ್ಕ್ರೂಗಳನ್ನು ಒಂದೊಂದಾಗಿ ಇನ್ನೊಂದು ಸ್ಕ್ರೂಗೆ ಸುರುಳಿಗೆ ಸುರುಳಿ ತಾಗುವಂತೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೂರನ್ನು ಎತ್ತಿ ಮಿಲಿಮೀಟರ್ ಡಬ್ಬಿಗೆ ಹಾಕಿದಳು.

ಸೆಡ್ರಿಕ್ ಪರದೆ ಸರಿಸಿದ. "ಸಿಕ್ಕಿಬಿದ್ಯಲ್ಲ."

"ಯಾರು ಸಿಕ್ಕಿಬಿದ್ದಿದ್ದು ಯಜಮಾನ್ರೇ? ಬಂದಾಗ್ಲೇ ಪರದೆ ಕೆಳಗೆ ನಿಮ್ಮ ಬೂಟು ಕಾಣ್ತಿತ್ತು."

"ಹಲ್ಲು ಕಿಸೀಬೇಡ. ಇವತ್ತಿಗೆ ಇಲ್ಲಿ ನಿನ್ ಕೆಲ್ಸ ಮುಗೀತು. ಆ ಪೇಟೆಯವನ ಹತ್ರಾನೇ ಹೋಗು."

ಮಾವಿಸ್ ಕೋಟು ತೆಗೆದುಕೊಂಡಳು. ಡಬ್ಬಿಯಲ್ಲಿ ಮೇಲೆಯೇ ಇದ್ದ ಆ ಮೂರು ಸ್ಕ್ರೂಗಳನ್ನೂ ಇಂಚಿನ ಲೆಕ್ಕದ ನಟ್ಟೊಂದನ್ನೂ ಅವನ ಅಂಗೈಯಲ್ಲಿಟ್ಟಳು. "ಹೋಗ್ತೀನಿ. ಒಂದ್ಸಲ ಹಾಕಿ ನೋಡಿ. ಬಲ ಮಾತ್ರ ಹಾಕ್ಬೇಡಿ."

ಮೊದಲನೆಯದು ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಸೆಡ್ರಿಕ್ ಬಹಳ ಹೊತ್ತು ಉಗುರಿನಿಂದ ಗೀರಿದ. ಆಮೇಲೆ ಅವಳ ಕೈಯಿಂದ ಕೋಟು ತೆಗೆದುಕೊಂಡು ತಾನೇ ಗೂಟಕ್ಕೆ ಸಿಕ್ಕಿಸಿದ.

"ಏಪ್ರಿಲ್‌ನಿಂದ ದಿನಾ ಬೆಳಿಗ್ಗೆ ನೀವು ತಪ್ಪು ಹಾಕಿದ್ದನ್ನ ಎತ್ತಿ ಸರಿ ಡಬ್ಬಿಗೆ ಹಾಕ್ತಿದ್ದೆ," ಎಂದಳು ಮಾವಿಸ್, "ಆ ಗುರುವಾರ ಒಂದಿನ ತಪ್ಪಿಹೋಯ್ತು ನೋಡಿ."